ಸೊನ್ನಲಿಗೆಯ ಸಿದ್ಧರಾಮೇಶ್ವರರು

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ನಮ್ಮ ಅಕ್ಕಲಕೋಟ ತಾಲೂಕಿನವರು ಆಸ್ಪತ್ರೆಗೆ, ಬಟ್ಟೆ ಖರೀದಿಗೆ, ಕಚೇರಿ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋಗಿ ಬರುವುದು ಹೊಸದಲ್ಲ. ಹೋದವರು ಕೋಟೆಯ ಬದಿಯಲ್ಲಿರುವ ವಿಶಾಲವಾದ ಕೆರೆಯನ್ನೂ ಅದರ ನಡುವಿನ ಸಿದ್ಧೇಶ್ವರ ಗುಡಿಯನ್ನೂ ನೋಡಿ, ಕೈಮುಗಿದು ಬರುತ್ತಾರೆ. ಆ ಗುಡಿಗೆ ಹೆಸರು ಕೊಟ್ಟ ಮಹಾಪುರುಷರು ಯಾರು, ಅವರು ಕೆರೆಯನ್ನೇಕೆ ತೋಡಿಸಿದರು ಎಂಬುದನ್ನು ಮಾತ್ರ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಅರಿಯರು. ಅದೇ ಮಕ್ಕಳು ನಾಗರಿಕಶಾಸ್ತ್ರದ ತರಗತಿಯಲ್ಲಿ ಕಲ್ಯಾಣ ರಾಜ್ಯವೆಂದರೇನು ಎಂಬ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರವನ್ನು ಗಿಳಿಪಾಠ ಮಾಡಿ ಬರೆಯುತ್ತಾರೆ. ಉತ್ತರ ಸರಿಯಾಗಿಯೇ ಇರುತ್ತದೆ, ಅಂಕಗಳೂ ಬರುತ್ತವೆ. ಆದರೆ ಆ ನಾಲ್ಕು ಸಾಲಿಗೂ ತಮ್ಮ ಮನೆಯ ಒಲೆಗೂ ಏನು ಸಂಬಂಧವೆಂಬುದು ಅವರಿಗೆ ಹೊಳೆಯುವುದಿಲ್ಲ. ಆದ್ದರಿಂದ ಈ ಸಲದ ಸಂಚಿಕೆಗೆ ಸಿದ್ಧರಾಮೇಶ್ವರರ ಜೀವನಚರಿತ್ರೆಯನ್ನು ಬರೆಯೋಣ, ಬರೆಯುತ್ತ ಆ ಪ್ರಶ್ನೆಯನ್ನೂ ಬಿಡಿಸಿ ನೋಡೋಣ ಎಂದು ನಾವು ಯೋಚಿಸಿದೆವು.

ಸಿದ್ಧರಾಮರು ಹನ್ನೆರಡನೆಯ ಶತಮಾನದವರು. ಬಸವಣ್ಣನವರ, ಅಲ್ಲಮಪ್ರಭುಗಳ, ಅಕ್ಕಮಹಾದೇವಿಯ ಸಮಕಾಲೀನರು. ಅವರ ಚರಿತ್ರೆಯನ್ನು ಮೊದಲು ವಿಸ್ತಾರವಾಗಿ ಹಾಡಿದವನು ಹಂಪೆಯ ಕವಿ ರಾಘವಾಂಕ. ಹರಿಶ್ಚಂದ್ರ ಕಾವ್ಯವನ್ನು ಬರೆದ ರಾಘವಾಂಕನೇ ಷಟ್ಪದಿಯಲ್ಲಿ ಸಿದ್ಧರಾಮ ಚಾರಿತ್ರವನ್ನೂ ಬರೆದನು. ಕವಿ ಭಕ್ತನೂ ಆಗಿದ್ದುದರಿಂದ ಅದರಲ್ಲಿ ಪವಾಡಗಳು ಬಹಳ. ಆದರೆ ಸೊನ್ನಲಿಗೆಯ ಸಿದ್ಧರಾಮರ ಹೆಸರು ಶಾಸನಗಳಲ್ಲಿಯೂ ಬರುವುದರಿಂದ ಅವರು ಕೇವಲ ಕಥೆಯ ಪುರುಷರಲ್ಲವೆಂಬುದು ಖಚಿತ. ಕಥೆಯನ್ನು ಕಥೆಯೆಂದು, ಚರಿತ್ರೆಯನ್ನು ಚರಿತ್ರೆಯೆಂದು ಬೇರ್ಪಡಿಸಿ ಓದುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಬೇಕು. ಹಾಗೆಂದು ಕಥೆಯನ್ನು ಎಸೆದುಬಿಡಬಾರದು. ಜನರು ತಮ್ಮ ಹಿರಿಯನಲ್ಲಿ ಏನನ್ನು ಮೆಚ್ಚಿದರು ಎಂಬುದು ಕಥೆಯಿಂದಲೇ ತಿಳಿಯುತ್ತದೆ.

ಸೊನ್ನಲಿಗೆ ಆಗ ಒಂದು ಸಣ್ಣ ಹಳ್ಳಿ. ಅಲ್ಲಿಯ ಮುದ್ದುಗೌಡ ಮತ್ತು ಸುಗ್ಗವ್ವ ಎಂಬ ದಂಪತಿಗಳ ಮಗನೇ ನಮ್ಮ ಕಥಾನಾಯಕ. ರೇವಣಸಿದ್ಧರು ಇವನ ಹುಟ್ಟನ್ನು ಮೊದಲೇ ಹೇಳಿದ್ದರೆಂದು ಪ್ರತೀತಿ. ಆದರೆ ಹುಟ್ಟಿದ ಕೂಸು ಚುರುಕಾಗಿರಲಿಲ್ಲ. ಇತರ ಮಕ್ಕಳಂತೆ ಮಾತಾಡದು, ಆಡದು, ಕರೆದರೆ ಓಗೊಡದು. ಊರವರು ಇವನನ್ನು ದಡ್ಡನೆಂದೇ ತಿಳಿದರು. ತಂದೆತಾಯಿಗಳು ದನ ಕಾಯಲು ಹಚ್ಚಿದರು. ಇಂದು ತಮ್ಮ ಮಗ ತರಗತಿಯಲ್ಲಿ ಹಿಂದೆ ಬಿದ್ದನೆಂದು ಅವನ ಮುಂದೆಯೇ ನಮ್ಮಲ್ಲಿ ಬಂದು ಅಳುವ ಪಾಲಕರು ಈ ಭಾಗವನ್ನು ಎರಡು ಸಲ ಓದಬೇಕೆಂದು ನಮ್ಮ ವಿನಂತಿ.

ಒಂದು ದಿನ ಬಾಲಕನು ಹೊಲದಲ್ಲಿ ದನ ಮೇಯಿಸುತ್ತಿದ್ದಾಗ ಜಂಗಮನೊಬ್ಬ ಬಂದನಂತೆ. ಹೆಸರು ಕೇಳಿದರೆ ಮಲ್ಲಯ್ಯ, ಊರು ಕೇಳಿದರೆ ಶ್ರೀಶೈಲ. ಹಸಿದ ಜಂಗಮನಿಗೆ ಹುಡುಗನು ಎಳೆಯ ತೆನೆಗಳನ್ನು ಸುಟ್ಟು ಕೊಟ್ಟನು. ನಮ್ಮ ಕಡೆ ಸೀತನಿ ತಿನ್ನುವ ಸುಗ್ಗಿಯಲ್ಲಿ ಹೊಲಕ್ಕೆ ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸುವ ರೂಢಿ ಇಲ್ಲವಷ್ಟೆ. ತಿಂದ ಜಂಗಮನು ಹೊಟ್ಟೆ ತಂಪಾಗಲು ಮೊಸರನ್ನ ಬೇಕೆಂದನು. ಅದುವರೆಗೆ ಮಾತೇ ಆಡದಿದ್ದ ಹುಡುಗ ಮನೆಗೆ ಓಡಿ ತಾಯಿಯನ್ನು ಕೇಳಿದನು. ಮಗ ಬಾಯಿಬಿಟ್ಟು ಕೇಳಿದನೆಂಬ ಸಂತೋಷದಲ್ಲಿ ತಾಯಿ ಬುತ್ತಿ ಕಟ್ಟಿ ಕೊಟ್ಟಳು. ಮರಳಿ ಬಂದು ನೋಡಿದರೆ ಹೊಲದಲ್ಲಿ ಜಂಗಮನಿಲ್ಲ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ, ಬುತ್ತಿಯನ್ನು ಹೊತ್ತುಕೊಂಡೇ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಬೆನ್ನುಹತ್ತಿದನು. ಅಲ್ಲಿ ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ನಿನ್ನ ಮಲ್ಲಯ್ಯ ಎಂದವರಿಗೆ, ಇವನಲ್ಲ, ನನ್ನ ಮಲ್ಲಯ್ಯ ಮಾತಾಡುತ್ತಾನೆ, ಉಣ್ಣುತ್ತಾನೆ ಎಂದು ಹಟ ಹಿಡಿದನು. ಕಾಣದೆ ಕಂಗೆಟ್ಟು ಕಡಿದಾದ ಕೊಳ್ಳಕ್ಕೆ ಹಾರಲು ಹೊರಟಾಗ ಮಲ್ಲಯ್ಯನೇ ಬಂದು ಕೈಹಿಡಿದನಂತೆ. ಸೊನ್ನಲಿಗೆಗೆ ಮರಳಿ ಹೋಗು, ಅದನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡು ಎಂದು ಹೇಳಿ ಕಳಿಸಿದನಂತೆ.

ಈ ಕಥೆಯಲ್ಲಿ ನಮಗೆ ಬಹಳ ಹಿಡಿಸುವ ಮಾತು ಒಂದುಂಟು. ದೇವರನ್ನು ಕಂಡವನಿಗೆ ಗುಹೆಯಲ್ಲಿ ಕುಳಿತು ತಪಸ್ಸು ಮಾಡೆಂಬ ಅಪ್ಪಣೆಯಾಗಲಿಲ್ಲ. ನಿನ್ನ ಊರಿಗೆ ಹೋಗಿ ಕೆಲಸ ಮಾಡು ಎಂಬ ಅಪ್ಪಣೆಯಾಯಿತು.

ಊರೋ, ಬರಡು ಸೀಮೆಯ ಊರು. ಪಶ್ಚಿಮ ಘಟ್ಟಗಳು ಮಳೆಯ ಮೋಡಗಳನ್ನು ತಡೆದುಬಿಡುವುದರಿಂದ ಸೊಲ್ಲಾಪುರ ಜಿಲ್ಲೆ ಮಳೆಯ ನೆರಳಿನಲ್ಲಿದೆ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿನಷ್ಟು ಮಳೆ ಬಿದ್ದರೆ ಒಳ್ಳೆಯ ವರ್ಷವೆಂದೇ ಲೆಕ್ಕ. ಅದೂ ಒಂದೇ ಸಲ ಸುರಿದು ಹರಿದುಹೋಗುತ್ತದೆ. ಭೀಮಾ, ಸೀನಾ, ನಮ್ಮ ಬೋರಿ ಇವು ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಉಸುಕು ತೋರಿಸುವ ನದಿಗಳು. ಎರೆಯ ಭೂಮಿ ತೇವವನ್ನು ಹಿಡಿದುಕೊಳ್ಳುವುದರಿಂದ ಹಿಂಗಾರಿ ಜೋಳ ಹೇಗೋ ಬರುತ್ತದೆ. ಆದರೆ ಕುಡಿಯುವ ನೀರು ಎರೆಯಲ್ಲಿ ನಿಲ್ಲುವುದಿಲ್ಲ. ಇಂಥ ನಾಡಿನಲ್ಲಿ ಕೆರೆಯೆಂದರೆ ಅಲಂಕಾರವಲ್ಲ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳ ಸೆಲೆ ಜೀವಂತವಿರುತ್ತದೆ. ದನಗಳಿಗೆ ನೀರು, ಅಗಸರಿಗೆ, ಕುಂಬಾರರಿಗೆ, ನೇಕಾರರಿಗೆ ನೀರು. ಕೆರೆಯ ಹೂಳನ್ನು ಹೊಲಕ್ಕೆ ಹೇರಿದರೆ ಅದೇ ಗೊಬ್ಬರ. ಒಬ್ಬನು ತನ್ನ ಹೊಲದಲ್ಲಿ ಬಾವಿ ತೋಡಿಕೊಳ್ಳಬಹುದು. ಆದರೆ ಕೆರೆಯನ್ನು ಒಬ್ಬನೇ ತೋಡಲಾರ, ತೋಡಿದರೂ ಒಬ್ಬನೇ ಕುಡಿಯಲಾರ. ಸಮಾಜವೆಂಬುದು ಇಂಥ ಕಡೆಯೇ ಕಣ್ಣಿಗೆ ಕಾಣುತ್ತದೆ.

ಸಿದ್ಧರಾಮರು ಕಪಿಲಸಿದ್ಧ ಮಲ್ಲಿಕಾರ್ಜುನನನ್ನು ಸ್ಥಾಪಿಸಿದರು, ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ನೆಲೆಗೊಳಿಸಿದರು, ಕೆರೆಯ ಕೆಲಸಕ್ಕೆ ಕೈಹಾಕಿದರು. ಚಾಮಲಾದೇವಿಯೆಂಬ ರಾಣಿ ಅವರ ಕಾರ್ಯಕ್ಕೆ ಭೂಮಿಯನ್ನು ಬಿಟ್ಟುಕೊಟ್ಟಳೆಂದು ಚರಿತೆ ಹೇಳುತ್ತದೆ. ಕೆಲಸದ ಬಗೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿರಿ. ಯಂತ್ರವಿಲ್ಲ, ಲಾರಿಯಿಲ್ಲ. ಗುದ್ದಲಿಯಿಂದ ಅಗೆಯುವುದು, ಸಲಿಕೆಯಿಂದ ಎಳೆಯುವುದು, ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ದಂಡೆಗೆ ಸುರಿಯುವುದು, ತುಳಿದು ಗಟ್ಟಿ ಮಾಡುವುದು, ಕಲ್ಲು ಹೊಂದಿಸುವುದು, ಹೆಚ್ಚಾದ ನೀರು ದಂಡೆಯನ್ನು ಒಡೆಯದೆ ಹರಿದುಹೋಗಲು ಕೋಡಿ ಬಿಡುವುದು. ಕೋಡಿಯನ್ನು ತಪ್ಪಾಗಿ ಬಿಟ್ಟರೆ ಮೊದಲ ದೊಡ್ಡ ಮಳೆಗೇ ಕೆರೆ ಒಡೆದು ಕೆಳಗಿನ ಹೊಲಗಳು ಕೊಚ್ಚಿಹೋಗುತ್ತವೆ. ಆದುದರಿಂದ ಇದು ಬರೀ ಭಕ್ತಿಯ ಕೆಲಸವಲ್ಲ, ನೆಲದ ಇಳಿಜಾರನ್ನೂ ಮಣ್ಣಿನ ಗುಣವನ್ನೂ ಬಲ್ಲವರ ಕೆಲಸ. ಅಗೆಯುವವರು, ಕಲ್ಲುಕುಟಿಗರು, ಬಡಿಗರು, ಕಮ್ಮಾರರು ಎಲ್ಲರೂ ಸೇರಿರಲೇಬೇಕು. ಅಷ್ಟು ಜನಕ್ಕೆ ನಿತ್ಯ ಅಡಿಗೆಯೂ ಆಗಿರಲೇಬೇಕು. ಅಡಿಗೆ ಮಾಡಿದ ತಾಯಂದಿರ ಹೆಸರನ್ನು ಯಾವ ಕವಿಯೂ ಬರೆದಿಟ್ಟಿಲ್ಲ.

ಕೆರೆಯಲ್ಲದೆ ಬಾವಿಗಳು, ದಾರಿಹೋಕರಿಗೆ ಅರವಟ್ಟಿಗೆ, ಹಸಿದವರಿಗೆ ಅನ್ನದಾನ ಇವೆಲ್ಲವೂ ಅವರ ಹೆಸರಿನೊಂದಿಗೆ ಬಂದಿವೆ. ಸಾಮೂಹಿಕ ವಿವಾಹಗಳನ್ನು ಮಾಡಿಸಿದರೆಂಬ ಮಾತೂ ಇದೆ. ಮಗಳ ಲಗ್ನಕ್ಕೆ ಸಾಲ ಮಾಡಿ ಹೊಲವನ್ನು ಒತ್ತೆಯಿಟ್ಟು ಕೊನೆಗೆ ಕಳೆದುಕೊಳ್ಳುವ ರೈತ ಎಂಟುನೂರು ವರ್ಷಗಳ ಹಿಂದೆಯೂ ಇದ್ದನೆಂದಾಯಿತು. ಆ ರೈತ ಈ ಊರುಗಳಲ್ಲಿ ಇನ್ನೂ ಇದ್ದಾನೆ, ಮಂಟಪ ಮಾತ್ರ ದೊಡ್ಡದಾಗಿದೆ.

ಇಷ್ಟು ಹೇಳಿದ ಮೇಲೆ ನಮ್ಮ ವಿದ್ಯಾರ್ಥಿಗಳು ಕೂಡಲೇ ಒಂದು ತೀರ್ಮಾನಕ್ಕೆ ಬರುವುದುಂಟು. ನೀರು, ಅನ್ನ, ಲಗ್ನ ಎಲ್ಲವನ್ನೂ ನೋಡಿಕೊಂಡರಲ್ಲ, ಹಾಗಾದರೆ ಸಿದ್ಧರಾಮರ ಸೊನ್ನಲಿಗೆಯೇ ಕಲ್ಯಾಣ ರಾಜ್ಯವಾಗಿತ್ತು ಎನ್ನುತ್ತಾರೆ. ಭಾಷಣ ಸ್ಪರ್ಧೆಯಲ್ಲಿ ಹೀಗೆ ಹೇಳಿದರೆ ಚಪ್ಪಾಳೆಯೂ ಬೀಳುತ್ತದೆ. ಆದರೆ ನಾವು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣವನ್ನು ಹೇಳುವ ಮೊದಲು ಸಿದ್ಧರಾಮರ ಬಾಳಿನ ಅತಿ ದೊಡ್ಡ ಘಟನೆಯನ್ನು ಹೇಳಬೇಕು.

ಕೆರೆಯ ಕೆಲಸ ಭರದಿಂದ ಸಾಗಿದ್ದಾಗ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದರು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ. ಬಂದವರೇ ಕೆಲಸಗಾರರನ್ನು ಕುರಿತು, ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳಿದರು. ಗುರುವನ್ನು ಮಣ್ಣು ಅಗೆಯುವವನೆಂದು ಹಂಗಿಸಿದರೆಂದು ಶಿಷ್ಯರು ಸಿಟ್ಟಿಗೆದ್ದರು, ಕೈಗೆ ಸಿಕ್ಕ ಕಲ್ಲುಗಳನ್ನು ಎಸೆದರು. ಸುದ್ದಿ ತಿಳಿದು ಸ್ವತಃ ಸಿದ್ಧರಾಮರೂ ಕೋಪದಿಂದ ಬಂದರು. ಅವರ ಕೋಪದ ಬೆಂಕಿ ಪ್ರಭುಗಳನ್ನು ಸುಡಲಿಲ್ಲವೆಂದು ಕಥೆ. ಕೋಪ ಇಳಿದ ಮೇಲೆ ಮಾತು ನಡೆಯಿತು. ಪ್ರಭುಗಳ ಆಕ್ಷೇಪ ಕೆರೆಯ ಮೇಲೆ ಇರಲಿಲ್ಲವೆಂದು ನಾವು ತಿಳಿದಿದ್ದೇವೆ. ಕೆರೆಯನ್ನು ನಾನು ತೋಡಿಸಿದೆ, ಗುಡಿಯನ್ನು ನಾನು ಕಟ್ಟಿಸಿದೆ, ಇದರಿಂದ ನನಗೆ ಪುಣ್ಯ ಬರುತ್ತದೆ ಎಂಬ ಭಾವವನ್ನು ಅವರು ಆಕ್ಷೇಪಿಸಿದರು. ಕೊಡುವ ಕೈಯ ಅಹಂಕಾರವನ್ನು ಅವರು ಒಂದೇ ಅಡ್ಡಹೆಸರಿನಿಂದ ಚುಚ್ಚಿದರು.

ಆ ಅಡ್ಡಹೆಸರಿನ ಗತಿ ಮುಂದೆ ಏನಾಯಿತು ನೋಡಿರಿ. ಮಣ್ಣು ಕಲ್ಲುಗಳ ಕೆಲಸವನ್ನೇ ತಲೆತಲಾಂತರದಿಂದ ಮಾಡುತ್ತ ಬಂದ ಭೋವಿ ಸಮುದಾಯದವರು ಸಿದ್ಧರಾಮರನ್ನು ತಮ್ಮ ಗುರುವೆಂದು ಪೂಜಿಸುತ್ತಾರೆ. ಹಂಗಿಸುವ ಮಾತಾಗಿ ಬಂದದ್ದು ಒಂದು ದೊಡ್ಡ ಸಮುದಾಯದ ಅಭಿಮಾನವಾಯಿತು.

ಸಿದ್ಧರಾಮರಲ್ಲಿ ದೊಡ್ಡತನವಿತ್ತು. ಊರೆಲ್ಲ ಪೂಜಿಸುತ್ತಿದ್ದ ಮನುಷ್ಯ ತನ್ನ ಜನರೆದುರು ತಪ್ಪನ್ನು ತೋರಿಸಿದವನ ಹಿಂದೆ ನಡೆದುಹೋಗುವುದೆಂದರೆ ಸಾಮಾನ್ಯವಲ್ಲ. ಅವರು ಪ್ರಭುಗಳೊಂದಿಗೆ ಕಲ್ಯಾಣಕ್ಕೆ ಹೋದರು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ ಬಸವಣ್ಣನವರನ್ನೂ ಶರಣರನ್ನೂ ಕಂಡರು. ಇಷ್ಟಲಿಂಗ ದೀಕ್ಷೆಯನ್ನು ಪಡೆಯಲು ಮೊದಲು ಒಪ್ಪಲಿಲ್ಲ, ಬಹಳ ವಾದ ಮಾಡಿದರು, ಕೊನೆಗೆ ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರು ಬರೆದ ವಚನಗಳಲ್ಲಿ ಸಾವಿರಕ್ಕೂ ಹೆಚ್ಚು ಉಳಿದುಬಂದಿವೆ. ಹೆಣ್ಣನ್ನು ಮಾಯೆಯೆಂದು ಜರೆಯುತ್ತಿದ್ದ ಕಾಲದಲ್ಲಿ ಹೆಣ್ಣನ್ನು ದೈವಸಮಾನಳೆಂದು ಕಂಡವರಲ್ಲಿ ಅವರು ಮುಖ್ಯರು.

ಕಲ್ಯಾಣದಲ್ಲಿ ಸಿದ್ಧರಾಮರು ಕಂಡ ಎರಡು ತತ್ತ್ವಗಳು ನಮ್ಮ ವಿಷಯಕ್ಕೆ ಬಹಳ ಹತ್ತಿರ. ಒಂದು ಕಾಯಕ, ಇನ್ನೊಂದು ದಾಸೋಹ. ಎಲ್ಲರೂ ದುಡಿಯಬೇಕು. ದುಡಿದದ್ದರಲ್ಲಿ ತನ್ನ ಅಗತ್ಯಕ್ಕಿಂತ ಮಿಕ್ಕಿದ್ದನ್ನು ಸಮಾಜಕ್ಕೆ ಸಲ್ಲಿಸಬೇಕು. ದಾಸೋಹಕ್ಕೂ ದಾನಕ್ಕೂ ವ್ಯತ್ಯಾಸವುಂಟು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಈಗ ನಾವು ವಿದ್ಯಾರ್ಥಿಗಳ ತೀರ್ಮಾನವನ್ನು ಏಕೆ ಒಪ್ಪಲಿಲ್ಲವೆಂಬುದು ತಿಳಿದೀತು. ಸೊನ್ನಲಿಗೆಯ ಕೆರೆ ಒಬ್ಬ ಮಹಾತ್ಮರ ಪ್ರೇರಣೆಯಿಂದ, ಒಬ್ಬ ರಾಣಿಯ ಔದಾರ್ಯದಿಂದ ಆಯಿತು. ಅಂಥ ಮಹಾತ್ಮರು ಹುಟ್ಟದ ಊರಿನ ಗತಿಯೇನು? ರಾಣಿಗೆ ಮನಸ್ಸು ಬಾರದಿದ್ದರೆ? ಬಾಯಾರಿದವನು ನೀರು ಕೇಳುವುದು ಬೇಡುವುದಾಗುತ್ತದೆಯೇ ಹೊರತು ಹಕ್ಕಾಗುವುದಿಲ್ಲ. ಕಲ್ಯಾಣ ರಾಜ್ಯದಲ್ಲಿ ಅದು ಹಕ್ಕಾಗುತ್ತದೆ.

ಈ ಹಕ್ಕು ಸುಮ್ಮನೆ ಬರಲಿಲ್ಲ. ಸೊಲ್ಲಾಪುರ ಸೀಮೆಯ ಬರಗಾಲಗಳ ಕಥೆಯನ್ನು ನೋಡಿದರೆ ಸಾಕು. ೧೮೭೬ರಿಂದ ೧೮೭೮ರವರೆಗಿನ ಮಹಾ ಬರದಲ್ಲಿ ದಕ್ಷಿಣ ಭಾರತದ ಲಕ್ಷಾಂತರ ಜನ ಸತ್ತರು. ಆಗ ಬ್ರಿಟಿಷ್ ಸರಕಾರವೂ ಕಾಮಗಾರಿ ತೆರೆದಿತ್ತು. ಕೆರೆ, ರಸ್ತೆ, ಕಾಲುವೆಗಳ ಕೆಲಸಕ್ಕೆ ಹಸಿದವರನ್ನು ಹಚ್ಚಿತ್ತು. ಆದರೆ ಖರ್ಚು ಉಳಿಸಬೇಕೆಂದು ೧೮೭೭ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಹಣಕ್ಕೆ ಇಳಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋ ಕೂಡ ಅಲ್ಲ. ಅಷ್ಟು ತಿಂದು ಹಗಲೆಲ್ಲ ಮಣ್ಣು ಹೊರುವುದೆಂತು? ಮುಂಬಯಿ ಪ್ರಾಂತದಲ್ಲಿ ಬಹಳ ಜನ ಕೆಲಸ ಬಿಟ್ಟು ನಡೆದರು. ಇಲ್ಲಿ ಕೆರೆಯೂ ಇತ್ತು, ಗುದ್ದಲಿಯೂ ಇತ್ತು, ಸರಕಾರವೂ ಇತ್ತು. ದುಡಿಯುವವನೂ ಮನುಷ್ಯನೆಂಬ ಭಾವ ಒಂದೇ ಇರಲಿಲ್ಲ. ಅದೇ ೧೮೭೭ರಲ್ಲಿ ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ ಹುಟ್ಟಿತು. ಜನ ಅದನ್ನು ಜೂನಿ ಮಿಲ್ ಎಂದು ಕರೆದರು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನದ ೩೮ನೆಯ ಅನುಚ್ಛೇದವು ಜನಕಲ್ಯಾಣವನ್ನು ಸಾಧಿಸುವುದು ರಾಜ್ಯದ ಕರ್ತವ್ಯವೆಂದು ಹೇಳಿತು. ೪೧ನೆಯದು ದುಡಿಮೆಯ, ಶಿಕ್ಷಣದ, ಮುಪ್ಪು ಬೇನೆಗಳಲ್ಲಿ ನೆರವಿನ ಹಕ್ಕನ್ನು ಕುರಿತು ಹೇಳಿತು. ಹೇಳುವುದು ಸುಲಭ, ನಡೆಸುವುದು ಕಷ್ಟ. ೧೯೭೨ರ ಬರ ಬಂದಾಗ ಮಹಾರಾಷ್ಟ್ರಕ್ಕೆ ಪರೀಕ್ಷೆ ಒದಗಿತು. ಸೊಲ್ಲಾಪುರ ಜಿಲ್ಲೆಯೂ ಒಣಗಿತು. ನಮ್ಮ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರನ್ನು ಕೇಳಿದರೆ ಖಡಿ ಒಡೆದದ್ದು, ದಂಡೆಗೆ ಮಣ್ಣು ಹಾಕಿದ್ದು, ಸುಕಡಿ ತಿಂದದ್ದು ಎಲ್ಲವನ್ನೂ ಹೇಳುವರು. ಆ ವರ್ಷ ರಾಜ್ಯದಾದ್ಯಂತ ಉದ್ಯೋಗ ಖಾತರಿ ಯೋಜನೆ ಜಾರಿಗೆ ಬಂದಿತು. ಇದರ ಹಿಂದಿನ ಚಿಂತಕರು ವಿ. ಸ. ಪಾಗೆಯವರು. ೧೯೭೭ರಲ್ಲಿ ಕಾಯಿದೆಯಾಯಿತು, ೧೯೭೯ರ ಜನವರಿ ೨೬ರಿಂದ ಅದು ಜಾರಿಗೆ ಬಂದಿತು.

ಈ ಕಾಯಿದೆಯ ರಚನೆಯನ್ನು ಪಾಲಕರು ಸ್ವಲ್ಪ ಗಮನಿಸಬೇಕು. ಹಳ್ಳಿಯ ಯಾವ ವಯಸ್ಕನಾದರೂ ಹೆಸರು ನೋಂದಾಯಿಸಿ ಕೆಲಸ ಕೇಳಿದರೆ ೧೫ ದಿನಗಳಲ್ಲಿ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಗಂಡಿಗೂ ಹೆಣ್ಣಿಗೂ ಒಂದೇ ದರ. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು. ಈ ಹಣ ಎಲ್ಲಿಂದ ಬಂದಿತು? ಪಟ್ಟಣದಲ್ಲಿ ಪಗಾರ ಎಣಿಸುವ ಗುಮಾಸ್ತ, ಶಿಕ್ಷಕ, ವಕೀಲ, ವೈದ್ಯ, ವ್ಯಾಪಾರಿಗಳ ಮೇಲೆ ೧೯೭೫ರಲ್ಲಿ ವೃತ್ತಿ ತೆರಿಗೆಯನ್ನು ಹಾಕಲಾಯಿತು. ಇಂಥ ವಿಶೇಷ ತೆರಿಗೆಗಳಿಂದ ಬಂದಷ್ಟೇ ಹಣವನ್ನು ರಾಜ್ಯವೂ ಕೂಡಿಸಿತು. ಶಿಕ್ಷಕರಾದ ನಮ್ಮ ಪಗಾರದಿಂದಲೂ ಪ್ರತಿ ತಿಂಗಳು ವೃತ್ತಿ ತೆರಿಗೆ ಕಡಿತವಾಗುತ್ತದೆ. ಕಡಿತವಾದಾಗ ಶಿಕ್ಷಕರ ಕೋಣೆಯಲ್ಲಿ ಗೊಣಗಾಟವೂ ನಡೆಯುತ್ತದೆ, ಅದನ್ನು ಮುಚ್ಚಿಡುವುದೇಕೆ? ಆದರೆ ನಮ್ಮ ಪಗಾರದ ಆ ರೂಪಾಯಿ ಎಲ್ಲಿಯೋ ಒಂದು ಪಾಝರ ಕೆರೆಯ ದಂಡೆಯ ಮೇಲೆ ಒಂದು ಬುಟ್ಟಿ ಮಣ್ಣಾಗಿ ಬಿದ್ದಿತು. ಬುಟ್ಟಿ ಹೊತ್ತ ತಾಯಿಗೆ ನಮ್ಮ ಹೆಸರು ಗೊತ್ತಿಲ್ಲ, ನಮಗೆ ಅವಳ ಹೆಸರು ಗೊತ್ತಿಲ್ಲ. ಅವಳು ನಮಗೆ ಕೈಮುಗಿಯಬೇಕಾಗಿಲ್ಲ. ಅಲ್ಲಮಪ್ರಭುಗಳು ಸೊನ್ನಲಿಗೆಯಲ್ಲಿ ಎತ್ತಿದ ಆಕ್ಷೇಪಕ್ಕೆ ಇಲ್ಲಿ ಎಡೆಯೇ ಇಲ್ಲ. ನಾನು ಕೊಟ್ಟೆನೆಂದು ಹೇಳಿಕೊಳ್ಳುವ ಒಬ್ಬನೂ ಇದರಲ್ಲಿ ಇಲ್ಲ. ೨೦೦೫ರಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನು ಮಾಡಿದಾಗ ಮಹಾರಾಷ್ಟ್ರದ ಈ ಅನುಭವವೇ ಅದಕ್ಕೆ ಮೇಲ್ಪಂಕ್ತಿಯಾಯಿತು.

ಇನ್ನೊಂದು ಉದಾಹರಣೆ ಅಕ್ಕಲಕೋಟ–ಸೊಲ್ಲಾಪುರ ದಾರಿಯಲ್ಲಿಯೇ ಇದೆ. ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಜೀವಿಸುವ ಸಾವಿರಾರು ಹೆಣ್ಣುಮಕ್ಕಳಿದ್ದಾರೆ. ಅವರು ಸಹಕಾರಿ ಸಂಘ ಕಟ್ಟಿಕೊಂಡು, ವರ್ಷಗಟ್ಟಲೆ ಹೋರಾಡಿ, ಕುಂಭಾರಿಯ ಬಳಿ ಹತ್ತು ಸಾವಿರ ಮನೆಗಳ ವಸಾಹತನ್ನು ಮಾಡಿಸಿಕೊಂಡರು. ೨೦೦೬ರಲ್ಲಿ ಮನೆಗಳು ಅವರ ಕೈಸೇರಿದವು. ಖರ್ಚಿನಲ್ಲಿ ಒಂದು ಪಾಲು ಕೇಂದ್ರದ್ದು, ಒಂದು ಪಾಲು ರಾಜ್ಯದ್ದು, ಇನ್ನೊಂದು ಪಾಲು ಆ ಹೆಣ್ಣುಮಕ್ಕಳದೇ. ದಿನವಿಡೀ ಬೀಡಿ ಸುತ್ತಿದ ಬೆರಳುಗಳಿಂದ ಕಂತು ಎಣಿಸಿಕೊಟ್ಟರು. ಮುಂದೆ ೨೦೨೪ರ ಜನವರಿಯಲ್ಲಿ ಅದೇ ಕುಂಭಾರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಇನ್ನೂ ಹದಿನೈದು ಸಾವಿರ ಮನೆಗಳು ಉದ್ಘಾಟನೆಯಾದವು. ಕಲ್ಯಾಣ ರಾಜ್ಯವೆಂದರೆ ಮೇಲಿನಿಂದ ಉದುರುವ ಹಣ್ಣೆಂದು ತಿಳಿದವರು ಬಸ್ಸಿನ ಕಿಟಕಿಯಿಂದ ಆ ಮನೆಗಳ ಸಾಲನ್ನು ನೋಡಬೇಕು. ಕೇಳಿದ್ದರಿಂದ, ಒಗ್ಗಟ್ಟಿನಿಂದ ಕೇಳಿದ್ದರಿಂದ, ತಮ್ಮ ಪಾಲನ್ನೂ ಹಾಕಿದ್ದರಿಂದ ಆ ಮನೆಗಳು ಎದ್ದವು.

ನಮ್ಮ ಶಾಲೆಯ ಮಕ್ಕಳಿಗೂ ಬಿಸಿಯೂಟವಿದೆ, ಪುಸ್ತಕಗಳಿವೆ, ಮನೆಯಲ್ಲಿ ಪಡಿತರ ಚೀಟಿಯಿದೆ. ಕೆಲವು ಪಾಲಕರು ಇದನ್ನು ಪುಕ್ಕಟೆಯೆಂದು ಕರೆದು ಸಂಕೋಚಪಡುತ್ತಾರೆ. ಇನ್ನು ಕೆಲವರು ಪುಕ್ಕಟೆಯದೆಂದೇ ಅದನ್ನು ಹಾಳುಮಾಡುತ್ತಾರೆ. ಎರಡೂ ಸರಿಯಲ್ಲ. ಅಂಗಡಿಯಲ್ಲಿ ಒಂದು ಸಾಬೂನು ಕೊಂಡರೂ ಅದರ ಬೆಲೆಯಲ್ಲಿ ತೆರಿಗೆಯ ಪಾಲು ಇರುತ್ತದೆ. ಆದುದರಿಂದ ಬಡವನೂ ತೆರಿಗೆ ಕೊಡುವವನೇ. ಅವನ ಮಗ ಉಣ್ಣುವ ಊಟದಲ್ಲಿ ಅವನ ಪಾಲೂ ಇದೆ, ಊರಿನ ಶ್ರೀಮಂತನ ಪಾಲೂ ಇದೆ, ಕಾಣದ ಊರಿನ ಯಾರದೋ ಪಾಲೂ ಇದೆ. ಸಿದ್ಧರಾಮರ ಕೆರೆಗೆ ಊರ ನೆಲದ ನೀರೆಲ್ಲ ಹರಿದುಬಂದು ಕೂಡುವಂತೆಯೇ ಇದು. ಕೂಡಿದ ಮೇಲೆ ಇದು ನನ್ನ ಹೊಲದ ನೀರು, ಅದು ನಿನ್ನ ಹೊಲದ ನೀರು ಎಂದು ಬೇರ್ಪಡಿಸಲಾಗುವುದೇ?

ಆದರೆ ಹೊಸ ಏರ್ಪಾಡಿಗೆ ತನ್ನದೇ ಆದ ದೋಷವೂ ಉಂಟು, ಅದನ್ನು ಹೇಳದೆ ಬಿಟ್ಟರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಬೆರಳಚ್ಚು ಯಂತ್ರದಲ್ಲಿ ಮೂಡಲಿಲ್ಲವೆಂದು ಬರಿ ಚೀಲ ಹಿಡಿದು ಮರಳಿದ ಮುದುಕಿಯರನ್ನು ನಾವು ಕಂಡಿದ್ದೇವೆ. ಹೊಲದಲ್ಲಿ ದುಡಿದು ದುಡಿದು ಬೆರಳಿನ ಗೆರೆ ಸವೆದದ್ದೇ ಅವರ ತಪ್ಪು. ಒಂದು ಕಾಗದಕ್ಕಾಗಿ ನಾಲ್ಕು ಸಲ ಕಚೇರಿಗೆ ಅಲೆದು, ನಾಲ್ಕು ದಿನದ ಕೂಲಿಯನ್ನು ಕಳೆದುಕೊಂಡ ಪಾಲಕರನ್ನೂ ಬಲ್ಲೆವು. ಹಳೆಯ ಕಾಲದ ದಾನದಲ್ಲಿ ಕೊಡುವವನಿಗೆ ಅಹಂಕಾರವಿದ್ದೀತು, ಆದರೆ ಅವನಿಗೆ ಮುಖವಿತ್ತು. ಬೇಡುವವನ ಮುಖವನ್ನು ಅವನು ನೋಡುತ್ತಿದ್ದನು. ಇಂದಿನ ಏರ್ಪಾಡಿಗೆ ಮುಖವಿಲ್ಲ, ಕಿಟಕಿಯಿದೆ. ಕಿಟಕಿಯ ಆಚೆ ಕುಳಿತವನಲ್ಲಿ ದಾಸೋಹದ ಭಾವವಿಲ್ಲದಿದ್ದರೆ ಕಾಯಿದೆ ಕಾಗದದಲ್ಲಿಯೇ ಉಳಿಯುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ತಲಾಠಿಗಳು, ಗ್ರಾಮಸೇವಕರು, ದಾದಿಯರು ಆಗುವವರೇ. ಆ ಕಿಟಕಿಯ ಆಚೆ ಕೂಡುವವರು ಅವರೇ. ಅದಕ್ಕೇ ಇಷ್ಟು ಬಿಡಿಸಿ ಬರೆದೆವು.

ಅದೇ ರೀತಿ ಸರಕಾರದ ಕೆರೆಯೆಂದರೆ ಯಾರ ಕೆರೆಯೂ ಅಲ್ಲವೆಂಬ ಭಾವ ನಮ್ಮ ಹಳ್ಳಿಗಳಲ್ಲಿ ಬೆಳೆದಿದೆ. ಹಿಂದೆ ಬೇಸಿಗೆಯಲ್ಲಿ ಊರವರೇ ಹೂಳು ತೆಗೆಯುತ್ತಿದ್ದರು. ಈಗ ಅರ್ಜಿ ಬರೆದು ಕಾಯುತ್ತೇವೆ. ಅರ್ಜಿ ಬರೆಯುವುದು ಹಕ್ಕು, ಬರೆಯಲೇಬೇಕು. ಆದರೆ ಅರ್ಜಿಗೆ ಉತ್ತರ ಬರುವವರೆಗೆ ಗುದ್ದಲಿ ಮುಟ್ಟಬಾರದೆಂಬ ಕಾಯಿದೆ ಎಲ್ಲಿಯೂ ಇಲ್ಲವಲ್ಲ.

ಸಿದ್ಧರಾಮರ ಚರಿತ್ರೆಗೆ ಮರಳೋಣ. ಕಲ್ಯಾಣದಲ್ಲಿ ಕ್ರಾಂತಿಯಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು, ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಸಿದ್ಧರಾಮರು ತಮ್ಮ ಸೊನ್ನಲಿಗೆಗೆ ಮರಳಿದರು. ಕೆರೆಯ ಕೆಲಸವನ್ನು ಬಿಟ್ಟು ಹೋದವರು ಮರಳಿ ಬಂದದ್ದು ಅದೇ ಕೆರೆಯ ದಂಡೆಗೆ. ಇದನ್ನು ನೋಡಿದರೆ ಪ್ರಭುಗಳ ಮಾತನ್ನು ಒಪ್ಪಿದವರು ಕೆರೆಯನ್ನು ತಿರಸ್ಕರಿಸಲಿಲ್ಲವೆಂದು ನಮಗೆ ತೋರುತ್ತದೆ. ಅಲ್ಲಿಯೇ ಅವರು ಸಮಾಧಿಸ್ಥರಾದರು. ಆ ಸಮಾಧಿ ಗುಡಿಯ ಆವರಣದಲ್ಲಿಯೇ ಇದೆ.

ಸಂಕ್ರಾಂತಿಯ ಸಮಯದಲ್ಲಿ ಸೊಲ್ಲಾಪುರದಲ್ಲಿ ಅವರ ಜಾತ್ರೆ ಗಡ್ಡಾ ಯಾತ್ರೆಯೆಂಬ ಹೆಸರಿನಿಂದ ನಡೆಯುತ್ತದೆ. ಏಳು ಎತ್ತರದ ನಂದಿಧ್ವಜಗಳನ್ನು ಬೇರೆ ಬೇರೆ ಕಾಯಕದ ಸಮುದಾಯದವರು ಹೊತ್ತು ಮೆರೆಸುತ್ತಾರೆ. ಮೊದಲ ದಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಅದರ ಮರುದಿನ ಹೋಮ. ಅಕ್ಷತೆ ಯಾರ ಲಗ್ನಕ್ಕೆಂದರೆ, ಸಿದ್ಧರಾಮರನ್ನೇ ವರಿಸುವೆನೆಂದು ಹಟ ಹಿಡಿದ ಕುಂಬಾರರ ಕನ್ಯೆಗೂ ಅವರ ಯೋಗದಂಡಕ್ಕೂ ನಡೆದ ಲಗ್ನಕ್ಕೆ. ಕನ್ನಡ, ಮರಾಠಿ, ತೆಲುಗು, ಉರ್ದು ಮಾತಾಡುವ ಜನರೆಲ್ಲ ಅಂದು ಒಂದೇ ಬೀದಿಯಲ್ಲಿ ನಿಂತು ಅಕ್ಷತೆ ಎಸೆಯುತ್ತಾರೆ.

ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮರ ಮೇಲೆ ಕನ್ನಡದಲ್ಲಿ ದೊಡ್ಡ ಪುರಾಣ ಕಾವ್ಯವನ್ನೇ ಬರೆದರು. ೧೯೭೪ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಗಡಿನಾಡಿನಲ್ಲಿ ಮರಾಠಿ ಶಾಲೆಯಲ್ಲಿ ಕಲಿತು, ಕನ್ನಡವನ್ನು ತಮ್ಮದಾಗಿಸಿಕೊಂಡು, ಎರಡೂ ಭಾಷೆಗಳಲ್ಲಿ ಬರೆದವರು. ಅವರ ಜೀವನಚರಿತ್ರೆಯನ್ನು ಮುಂದಿನ ವರ್ಷದ ಸಂಚಿಕೆಗೆ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು ಬರೆದುಕೊಡುವುದಾಗಿ ಒಪ್ಪಿದ್ದಾರೆ.